ಬಡಗಿಯ ಪೆಟ್ಟಿಗೆಯಿಂದ ಹತ್ತರಿ ಜಾರಿದ್ದು ಹೇಗೆ

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟಿನಲ್ಲಿ ವಾರ್ಡ್‌ರೋಬ್ ಕೆಲಸ ನಡೆಯುವಾಗ ಒಮ್ಮೆ ಒಳಗೆ ಇಣುಕಿ. ಕಟ್ಟರ್, ಟ್ರಿಮ್ಮರ್, ಡ್ರಿಲ್, ಗಾಳಿಯಲ್ಲಿ ಮೊಳೆ ಹೊಡೆಯುವ ಗನ್ನು ಕಾಣುತ್ತವೆ. ಮೂಲೆಯ ಪೆಟ್ಟಿಗೆಯಲ್ಲಿ ಒಂದೆರಡು ಉಳಿ. ಕಬ್ಬಿಣದ ಸುತ್ತಿಗೆಯ ಏಟು ತಿಂದು ತಿಂದು ಅವುಗಳ ಹಿಡಿ ಪೊರಕೆಯಂತೆ ಬಿರಿದಿರುತ್ತದೆ. ಮರ ಹೆರೆದು ನಯ ಮಾಡುವ ಹತ್ತರಿ ಇದ್ದರೂ ಅದರ ಅಲಗು ಸಾಣೆ ಕಂಡು ತಿಂಗಳುಗಳಾಗಿರುತ್ತವೆ. ಅದನ್ನು ಹತ್ತರಿ ಎಂದು ಕರೆಯುವವರೂ ಕಡಿಮೆ. ಸೈಟುಗಳಲ್ಲಿ ರಾಜಸ್ಥಾನ, ಉತ್ತರ ಪ್ರದೇಶದಿಂದ ಬಂದ ಕೆಲಸಗಾರರು ಹೆಚ್ಚು, ಹಾಗಾಗಿ ‘ರಂದಾ’ ಎಂಬ ಮಾತೇ ಚಾಲ್ತಿ.

ಮೆಶಿನ್ ಬಂತು, ಕೈಸಾಮಾನು ಹೋಯಿತು ಎನ್ನುವುದು ಅರ್ಧ ಸತ್ಯ. ಮೆಶಿನ್ನಿಗಿಂತ ಮೊದಲು ಬದಲಾದದ್ದು ಬಡಗಿಯ ಕೈಗೆ ಬರುತ್ತಿದ್ದ ಮರ. ಮರದ ಜೊತೆಗೆ ಸಾಣೆ ಹಿಡಿಯುವ ಅಭ್ಯಾಸವೂ ಹೋಯಿತು. ಸಾಣೆ ಇಲ್ಲದ ಹತ್ತರಿ ಬರೀ ಭಾರ.

ಬೆಂಗಳೂರು ಕೋಟೆಯ ಹತ್ತಿರದ ಟಿಪ್ಪುವಿನ ಬೇಸಿಗೆ ಅರಮನೆಯ ಕೆಲಸ 1781ರಲ್ಲಿ ಹೈದರಾಲಿಯ ಕಾಲದಲ್ಲಿ ಶುರುವಾಗಿ 1791ರಲ್ಲಿ ಮುಗಿಯಿತು. ಅಲ್ಲಿನ ತೇಗದ ಕಂಬ, ಕಮಾನುಗಳೆಲ್ಲ ಕೈಯಲ್ಲೇ ಆದವು. ಆ ಕಾಲದ ಸಾಮಾನಿನ ಪಟ್ಟಿ ಚಿಕ್ಕದು: ಒರಟು ಕೆತ್ತನೆಗೆ ಬಾಚಿ, ಸೀಳಲು ಗರಗಸ, ಕಚ್ಚು ತೆಗೆಯಲು ಉಳಿ ಮತ್ತು ಕೊಡತಿ (ಮರದ ಸುತ್ತಿಗೆ), ತೂತಿಗೆ ಬೈರಿಗೆ, ನಯಕ್ಕೆ ಹತ್ತರಿ. ಬಡಗಿ ನೆಲದ ಮೇಲೆ ಕೂತು ಪಾದದಿಂದಲೇ ಮರವನ್ನು ಅದುಮಿ ಹಿಡಿಯುತ್ತಿದ್ದ. ಗರಗಸದ ಹಲ್ಲು ಹಿಡಿಯ ಕಡೆಗೆ ಬಾಗಿರುತ್ತಿತ್ತು, ಎಳೆದಾಗ ಕುಯ್ಯುತ್ತಿತ್ತು. ಅದಕ್ಕೆ ತಕ್ಕ ಕಾರಣವಿದೆ. ತೆಳು ತಗಡನ್ನು ತಳ್ಳಿದರೆ ಅದು ಬಳುಕಿ ಮಡಚಿಕೊಳ್ಳುತ್ತದೆ, ಎಳೆದರೆ ತಾನೇ ನೆಟ್ಟಗಾಗುತ್ತದೆ. ಇಂದು ಹವ್ಯಾಸಿಗಳು ದುಡ್ಡು ಕೊಟ್ಟು ತರಿಸಿಕೊಳ್ಳುವ ಜಪಾನಿ ಗರಗಸ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ.

ಬ್ರಿಟಿಷರ ಕಾಲದಲ್ಲಿ ಮೇಜು, ಮರವನ್ನು ಬಿಗಿದು ಹಿಡಿಯುವ ವೈಸು, ನಿಂತು ಮಾಡುವ ಕೆಲಸ, ತಳ್ಳಿ ಕುಯ್ಯುವ ಗರಗಸ ಬಂದವು. ಅಮೆರಿಕದ ಲಿಯೊನಾರ್ಡ್ ಬೈಲಿ 1867ರಲ್ಲಿ ಪೇಟೆಂಟ್ ಪಡೆದ ಹತ್ತರಿಯ ವಿನ್ಯಾಸವನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. ಇವತ್ತು ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಸಿಗುವ ಕಬ್ಬಿಣದ ಹತ್ತರಿಗಳಿಗೂ ಅದೇ ಮೂಲ. ಮರದ ಹತ್ತರಿಯಲ್ಲಿ ಬೆಣೆಗೆ ಏಟು ಕೊಟ್ಟು ಕೂರಿಸುತ್ತಿದ್ದ ಅಲಗು ಇಲ್ಲಿ ತಿರುಪಿನಿಂದ ಏರಿಳಿಯುತ್ತದೆ. 1890ರ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮುಂದೆ ಎದ್ದ ಬಂಗಲೆಗಳ ಮಂಕಿ ಟಾಪುಗಳನ್ನು ನೋಡಿ. ಕಿಟಕಿಯ ಮೇಲೆ ಚೂಪಾಗಿ ಚಾಚಿದ ಆ ಮರದ ಮಾಡು, ಅದರ ರೀಪುಗಳ ಜಾಲರಿ ಈ ನಗರದ ಬಡಗಿಗಳ ಕೈಬಲಕ್ಕೆ ಸಾಕ್ಷಿ. ಉಳಿದಿರುವವು ಬೆರಳೆಣಿಕೆಯವು. ಒಂದೊಂದು ಕಳಚಿ ಬಿದ್ದಾಗಲೂ ಹೊಟ್ಟೆ ಉರಿಯುತ್ತದೆ.

1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂತು. ಕಾಲಕ್ರಮೇಣ ಸಾಮಿಲ್ಲುಗಳು ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುವ ದೊಡ್ಡ ಗರಗಸವನ್ನು ಮೂಲೆಗೆ ತಳ್ಳಿದವು. ಆದರೂ ಬಡಗಿಗೆ ನಷ್ಟವಾಗಲಿಲ್ಲ. ಸಾಮಿಲ್ಲಿನಿಂದ ಬಂದ ಹಲಗೆ ಒರಟು, ಅದಕ್ಕೆ ಹತ್ತರಿ ಬೇಕೇ ಬೇಕಿತ್ತು.

ನಿಜವಾದ ಏಟು ಬಿದ್ದದ್ದು ಪ್ಲೈವುಡ್ಡಿನಿಂದ. ಅದರ ಅಂಟು, ಪದರಗಳ ಸಂಶೋಧನೆಗೆಂದೇ 1962ರಲ್ಲಿ ಇದೇ ಊರಿನಲ್ಲಿ, ತುಮಕೂರು ರಸ್ತೆಯಲ್ಲಿ, ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಕಾಡು ಉಳಿಸುವ ನೀತಿಗಳೂ ಗಟ್ಟಿ ಮರವನ್ನು ದೂರ ಮಾಡಿದವು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆ ನಿಲ್ಲಿಸಿತು, ಆ ನಿಷೇಧ ತೆರವಾದದ್ದು 2020ರಲ್ಲಿ. 1996ರ ಡಿಸೆಂಬರ್‌ನಲ್ಲಿ ಗೋದವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟ್ ಮರ ಕಡಿಯುವುದಕ್ಕೆ ಬಿಗಿ ಕಡಿವಾಣ ಹಾಕಿತು. ಕಾಡಿಗೆ ಇದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಡಗಿಯ ಕೈಗೆ ಮಾತ್ರ 8×4 ಅಡಿಯ ಹಾಳೆ ಬಂತು.

ಪ್ಲೈವುಡ್ಡಿನ ಮುಖ ಆಗಲೇ ನಯವಾಗಿರುತ್ತದೆ, ಹತ್ತರಿಗೆ ಅಲ್ಲಿ ಕೆಲಸವಿಲ್ಲ. ಅಂಚಿಗೆ ಹೊಡೆಯೋಣವೆಂದರೆ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ನಡುವೆ ಒಣಗಿ ಗಾಜಿನಷ್ಟು ಗಟ್ಟಿಯಾದ ಅಂಟಿನ ಗೆರೆಗಳು ಸಾಧಾರಣ ಉಕ್ಕಿನ ಅಲಗಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾಲಾಗಿ ಕಚ್ಚು ಬೀಳಿಸುತ್ತವೆ. ಟಂಗ್‌ಸ್ಟನ್ ಕಾರ್ಬೈಡ್ ಹಲ್ಲಿನ ಬ್ಲೇಡು ಮಾತ್ರ ಅದನ್ನು ತಾಳಿಕೊಳ್ಳುತ್ತದೆ. ಅಂಥ ಬ್ಲೇಡು ತಿರುಗಲು ಮೋಟರು ಬೇಕು. ಗರಗಸದ್ದೂ ಇದೇ ಪಾಡು. ಹಿಂದೆ ಮೂರು ಮೂಲೆಯ ಅರದಿಂದ ಹಲ್ಲು ತೀಡಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಬಾಗಿಸಿದರೆ ಒಂದು ಗರಗಸ ವರ್ಷಗಟ್ಟಲೆ ಬಾಳುತ್ತಿತ್ತು. ಈಗ ಸಿಗುವವುಗಳಲ್ಲಿ ಬಹುಪಾಲಿನ ಹಲ್ಲಿನ ತುದಿ ಕಪ್ಪುನೀಲಿ. ತುದಿಯನ್ನಷ್ಟೇ ಕಾಯಿಸಿ ಗಟ್ಟಿ ಮಾಡಿದ್ದರ ಗುರುತು ಅದು. ಅದರ ಮೇಲೆ ಅರ ಜಾರುತ್ತದೆ. ಮೊಂಡಾದರೆ ಎಸೆಯಬೇಕು.

ಹೀಗೆ ಒಂದು ತಲೆಮಾರು ಸಾಣೆ ಕಲಿಯದೇ ಬೆಳೆಯಿತು. ಕಲಿಯುವುದು ಕಷ್ಟವೇನಲ್ಲ. ಅಲಗಿನ ದಪ್ಪ 3 ಮಿ.ಮೀ. ಇದ್ದರೆ ಅಂಚಿನ ಇಳಿಜಾರಿನ ಉದ್ದ 7 ಮಿ.ಮೀ. ಇರಲಿ, ಸುಮಾರು 25 ಡಿಗ್ರಿ ಆಗುತ್ತದೆ. 6 ಮಿ.ಮೀ. ಆದರೆ 30 ಡಿಗ್ರಿ. ತೇಗಕ್ಕೆ ಮೊದಲನೆಯದು ಸಾಕು. ಹೊನ್ನೆ, ಹಲಸಿಗೆ ಎರಡನೆಯದು ಹೆಚ್ಚು ಬಾಳುತ್ತದೆ. ಎರಡು ಮುಖದ ಕಾರ್ಬೊರಂಡಮ್ ಕಲ್ಲಿನ ಒರಟು ಮುಖದಲ್ಲಿ ಇಳಿಜಾರನ್ನು ಉಜ್ಜುತ್ತಾ ಹೋದರೆ ಅಲಗಿನ ಬೆನ್ನ (ಸಪಾಟು ಮುಖದ) ಕಡೆ ಸಣ್ಣ ಗರಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನಾಚೆಗೆ ಸವರಿದರೆ ಅದು ತಾಗಬೇಕು, ಅದೂ ಈ ತುದಿಯಿಂದ ಆ ತುದಿವರೆಗೆ. ಗರಿ ಏಳದಿದ್ದರೆ ಸಾಣೆ ಇನ್ನೂ ಅಂಚಿಗೆ ತಲುಪಿಲ್ಲ ಎಂದರ್ಥ. ಆಮೇಲೆ ನಯ ಮುಖದಲ್ಲಿ ಇಳಿಜಾರು, ಬೆನ್ನು, ಮತ್ತೆ ಇಳಿಜಾರು. ಬೆನ್ನನ್ನು ಕಲ್ಲಿಗೆ ಪೂರ್ತಿ ಒರಗಿಸಿಯೇ ಉಜ್ಜಬೇಕು, ಕೂದಲೆಳೆಯಷ್ಟು ಎತ್ತಿದರೂ ಕೆಲಸ ಕೆಟ್ಟಿತು. ಕಲ್ಲಿನ ನಡುಭಾಗ ಸವೆದು ಗುಳಿ ಬಿದ್ದಿದ್ದರೆ ಅಲಗಿನ ಅಂಚು ಕಮಾನಾಗುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಅಂಟಿಸಿದ ಒರಟು ಉಪ್ಪುಕಾಗದದಲ್ಲಿ ಗೆರೆ ಪೂರಾ ಅಳಿಯುವವರೆಗೆ ಉಜ್ಜಿ ಮಟ್ಟ ಮಾಡಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಕರೆಂಟಿನ ಗ್ರೈಂಡರಿನಲ್ಲಿ. ಕಮ್ಮಾರ ಉಳಿಗೆ ಹದ ಕೊಡುವಾಗ ಒಣಹುಲ್ಲಿನ ಹಳದಿ ಬಣ್ಣ ಬರುತ್ತಲೇ ನಿಲ್ಲಿಸುತ್ತಾನೆ, ಸುಮಾರು 230 ಡಿಗ್ರಿ ಸೆಲ್ಸಿಯಸ್. ಗ್ರೈಂಡರಿನ ಬಿಸಿಗೆ ಅಂಚು ನೀಲಿಗೆ ತಿರುಗಿತೆಂದರೆ ಶಾಖ 300ರ ಆಸುಪಾಸಿಗೆ ಹೋಗಿ ಹದ ಇಳಿದಿದೆ. ಮತ್ತೆಷ್ಟು ಸಾಣೆ ಹಿಡಿದರೂ ಹರಿತ ನಿಲ್ಲದು. ನೀಲಿಯಾದಷ್ಟೂ ಭಾಗವನ್ನು ಸವೆಸಿ ತೆಗೆಯಬೇಕು. ಹಾಗಾಗದಿರಲು ಎರಡೆರಡು ಸೆಕೆಂಡು ತಾಗಿಸಿ ನೀರಿಗೆ ಅದ್ದುವುದೊಂದೇ ದಾರಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಇದೆ. ಸಾಮಾನಿಗೆ 15,000 ರೂಪಾಯಿವರೆಗೆ ನೆರವು, ಜೊತೆಗೆ ಕೆಲವು ದಿನಗಳ ತರಬೇತಿ. ಆ ತರಬೇತಿಯ ಒಂದಿಡೀ ದಿನ ಸಾಣೆಗೇ ಮೀಸಲಾಗಬೇಕು.

ಹಳೆಯ ಸಾಮಾನು ಬೇಕೆಂದರೆ ಚಿಕ್ಕಪೇಟೆಯ ಹತ್ತಿರದ ಭಾನುವಾರದ ಬಜಾರಿನಲ್ಲಿ ಹುಡುಕಬಹುದು. ಉಳಿಯನ್ನು ಅಳೆಯುವುದು ನೂಲಿನಲ್ಲಿ. ಎಂಟು ನೂಲಿಗೆ ಒಂದು ಇಂಚು. ಮೊದಲ ಬಾರಿಗೆ ಎರಡು, ನಾಲ್ಕು, ಆರು ನೂಲಿನ ಮೂರು ಉಳಿ ಸಾಕು. ಬೆನ್ನಿನಲ್ಲಿ ತುಕ್ಕು ಗುಳಿ ಕೊರೆದಿದ್ದರೆ ಬಿಡಿ, ಅಂಚು ಸವೆದು ಆ ಗುಳಿಗೆ ಬಂದಾಗೆಲ್ಲ ಅಲ್ಲೊಂದು ಕಚ್ಚು ಕಾಣಿಸಿಕೊಳ್ಳುತ್ತದೆ. ಮರದ ಹತ್ತರಿಯಾದರೆ ತಳದ ಬಾಯಿ ನೋಡಿ. ಅದು ಸವೆದು ಅಗಲವಾಗಿದ್ದರೆ ಹಲಸಿನಂಥ ಹೆಣೆದ ಎಳೆಯ ಮರ ಕಿತ್ತು ಬರುತ್ತದೆ. ಬಾಯಿಗೆ ಗಟ್ಟಿ ಮರದ ತುಂಡು ಕೂರಿಸಿ ಸರಿಪಡಿಸಬಹುದು, ಮೈ ಸೀಳಿದ್ದರೆ ಆಗದು. ಬೆಣೆ ಸಡಿಲವಿದ್ದರೆ ಅಲಗು ನಡುಗಿ ಹಲಗೆಯ ಮೇಲೆ ಅಲೆ ಮೂಡುತ್ತದೆ, ತೀರಾ ಬಿಗಿದರೆ ಮೈ ಬಿರಿಯುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಹತ್ತರಿಯ ಹಿಂಬದಿಗೆ ಕೊಡತಿಯಿಂದ ಒಂದು ಮೆಲುವಾದ ಏಟು ಕೊಟ್ಟು ಬೆಣೆಯನ್ನು ತುಸು ಸಡಿಲಿಸಿ, ಅಲಗನ್ನು ಒಳಗೆಳೆದು, ಹತ್ತರಿಯನ್ನು ಪಕ್ಕಕ್ಕೆ ಮಲಗಿಸಿಡಿ.