ಆ್ಯಪ್ ತಿರುಗುತ್ತಾ ನಿಂತರೆ ಫೋನ್ ಕೆಟ್ಟಿದೆ ಅಂತಲ್ಲ

ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಮಾಡುವ ನನ್ನ ಹತ್ತಿರ ಈಗ ಬರುವವರಲ್ಲಿ ಫೋನ್ ಒಡೆದುಕೊಂಡು ಬಂದವರಿಗಿಂತ ‘ಭಾಳ ಸ್ಲೋ ಆಗೈತಣ್ಣ’ ಅನ್ನುವವರೇ ಜಾಸ್ತಿ. ಸೆಟ್ ಬಿಚ್ಚಿ ನೋಡಿದರೆ ಎಲ್ಲಾ ಸರಿ ಇರುತ್ತೆ.

2003ರಲ್ಲಿ ಬಂದ ನೋಕಿಯಾ 1100 ನೆನಪಿದೆ ಅಲ್ವಾ? ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಸೆಟ್ ಅದು. ಆಗ ಜನ ಕೇಳುತ್ತಿದ್ದದ್ದು ಸಿಗ್ನಲ್ ಹಿಡಿಯುತ್ತಾ, ಚಾರ್ಜ್ ಎಷ್ಟು ದಿನ ನಿಲ್ಲುತ್ತೆ, ಬಿದ್ದರೆ ತಡೆಯುತ್ತಾ ಅಂತ. ಅದರಲ್ಲಿ ಟಾರ್ಚ್ ಇತ್ತು, ಧೂಳು ಒಳಗೆ ಹೋಗದ ಕೀಪ್ಯಾಡ್ ಇತ್ತು. ಬ್ಯಾಟರಿ ಹೋದರೆ ಹಿಂದಿನ ಮುಚ್ಚಳ ತೆಗೆದು ಬೇರೆ ಹಾಕಿಕೊಂಡರೆ ಮುಗೀತು.

2007ರಲ್ಲಿ ಐಫೋನ್ ಬಂತು. ಮರುವರ್ಷ ಆ್ಯಪ್ ಸ್ಟೋರ್ ಶುರುವಾದಾಗ ಅದರಲ್ಲಿ ಇದ್ದದ್ದು ಸುಮಾರು 500 ಆ್ಯಪ್. ಕೊಂಡಾಗ ಫೋನ್‌ನಲ್ಲಿ ಇಲ್ಲದ್ದನ್ನು ನಾಳೆ ಹಾಕಿಕೊಳ್ಳಬಹುದು ಅನ್ನೋದು ಆಗ ತಲೆಗೆ ಹೋಯಿತು. ನಮ್ಮ ಕಡೆ ಅದರ ಬಿಸಿ ಸರಿಯಾಗಿ ತಟ್ಟಿದ್ದು 2016ರಲ್ಲಿ, ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ.

ಈಗ ಮೆಕ್ಕೆಜೋಳ ಮಾರಿದ ರೈತ ಎಪಿಎಂಸಿಯಲ್ಲಿ ನಿಂತಲ್ಲೇ ಖಾತೆಗೆ ದುಡ್ಡು ಬಂತಾ ಅಂತ ನೋಡಬೇಕು. ಹತ್ತು ಸೆಕೆಂಡ್ ಚಕ್ರ ತಿರುಗಿದರೆ ‘ಈ ಫೋನ್ ಸರಿ ಇಲ್ಲ’ ಅಂತಾನೆ. ತಪ್ಪು ನೆಟ್‌ವರ್ಕಿನದ್ದೋ, ಬ್ಯಾಂಕಿನ ಸರ್ವರ್‌ದೋ, ಆ್ಯಪ್‌ದೋ ಇರಬಹುದು, ಆದರೆ ಕೈಯಲ್ಲಿ ಇರೋದು ಫೋನ್ ಮಾತ್ರ, ಬೈಗುಳ ಅದಕ್ಕೇ ಬೀಳುತ್ತೆ. ಅವನ ಸಿಟ್ಟು ಮಾತ್ರ ನ್ಯಾಯವಾದದ್ದೇ.

ನಾನು ಮೊದಲು ನೋಡೋದು ಸ್ಟೋರೇಜ್. 32 ಜಿಬಿ ಫೋನ್‌ನಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ತಿಂದಿರುತ್ತೆ, ಉಳಿದದ್ದರಲ್ಲಿ ಮದುವೆ ವಿಡಿಯೋ, ಗುಡ್ ಮಾರ್ನಿಂಗ್ ಫೋಟೋ, ಫ್ಯಾಮಿಲಿ ಗ್ರೂಪು. ಜಾಗ ಭರ್ತಿಯಾದರೆ ಬರೆಯೋದಕ್ಕೆ ಜಾಗ ಹುಡುಕುತ್ತಾ ಫೋನ್ ಏದುಸಿರು ಬಿಡುತ್ತೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆಗೆದರೆ 5 ಎಂಬಿಗಿಂತ ದೊಡ್ಡ ಫೈಲ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ. ಬೇಡದ್ದನ್ನು ಅಲ್ಲೇ ಅಳಿಸಿ. ಎಷ್ಟೋ ಸಲ ನನ್ನ ‘ರಿಪೇರಿ’ ಇಷ್ಟೇ.

ಆ್ಯಪ್ ಮಾಡುವವರಿಗೂ ಒಂದು ಮಾತು ಹೇಳಬೇಕು. ಕನ್ನಡ ಆರಿಸಿಕೊಂಡರೆ ಬಟನ್‌ಗಳೇನೋ ಕನ್ನಡಕ್ಕೆ ಬರುತ್ತವೆ, ಆದರೆ ಪೇಮೆಂಟ್ ಸಿಕ್ಕಿಹಾಕಿಕೊಂಡಾಗ ಬರುವ ಮೆಸೇಜ್ ಎಷ್ಟೋ ಆ್ಯಪ್‌ಗಳಲ್ಲಿ ಇನ್ನೂ ಇಂಗ್ಲಿಷ್‌ನಲ್ಲೇ ಇರುತ್ತೆ. ದುಡ್ಡು ಹೋಯ್ತೋ ಉಳೀತೋ ಗೊತ್ತಾಗದೆ ಮಂಡಕ್ಕಿ ಮಾರುವ ಅಮ್ಮ ಗಾಬರಿಯಾಗಿ ಫೋನನ್ನು ಪಕ್ಕದವರ ಕೈಗೆ ಕೊಡೋದು ಆ ಗಳಿಗೆಯಲ್ಲೇ. ಪಿನ್ ಹೊರಗೆ ಹೋಗೋದೂ ಹೀಗೇ. ಕನ್ನಡ ಎಲ್ಲಕ್ಕಿಂತ ಮೊದಲು ಅಲ್ಲಿ ಬೇಕು.

ನನಗೆ ಬೇಜಾರಾಗೋದು ಇನ್ನೊಂದಕ್ಕೆ. ಇಷ್ಟೆಲ್ಲಾ ಹೊಸದು ಕೇಳುತ್ತಾ, ಬಾಳಿಕೆ ಎಷ್ಟು ಅಂತ ಕೇಳೋದನ್ನೇ ಬಿಟ್ಟಿದ್ದೇವೆ. 2025ರ ಜನವರಿಯಿಂದ ಹಳೇ ಆಂಡ್ರಾಯ್ಡ್ 4.4 ಇರುವ ಫೋನ್‌ಗಳಲ್ಲಿ ವಾಟ್ಸಾಪ್ ನಡೆಯುತ್ತಿಲ್ಲ. ಸೆಟ್ ಗಟ್ಟಿ ಇದ್ದರೂ ಅಪ್‌ಡೇಟ್ ನಿಂತ ಮೇಲೆ ಒಂದೊಂದೇ ಆ್ಯಪ್ ಕೈಬಿಡುತ್ತೆ. 2023ರಲ್ಲಿ ಬಂದ ತನ್ನ ಪಿಕ್ಸೆಲ್ 8 ಫೋನ್‌ಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ, ಕಡಿಮೆ ಬೆಲೆಯ ಹೆಚ್ಚಿನ ಫೋನ್‌ಗಳಿಗೆ ಅಷ್ಟು ಸಿಗೋದಿಲ್ಲ. ಹಾಗಾಗಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಮತ್ತು ಡಿಸ್‌ಪ್ಲೇ ಊರಲ್ಲೇ ಸಿಗುತ್ತವಾ, ಹಾಕಿಸೋದಕ್ಕೆ ಎಷ್ಟಾಗುತ್ತೆ ಅಂತ ಕೇಳಿ, ಆಮೇಲೆ ಬಿಲ್ ಮಾಡಿಸಿ.