ಕತ್ತಿ, ಕತ್ತೆ ಮತ್ತು ಕಾಗುಣಿತ

ರ, ಗ, ಸ, ದ, ಅ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯುವ ಅಕ್ಷರಗಳು ಇವು. ಅ ಆ ಇ ಈ ಎಂದು ರಾಗ ಎಳೆದು ಕಲಿತ ಅಪ್ಪ ಅಮ್ಮಂದಿರಿಗೆ ಇದೇನಪ್ಪ ಹೊಸ ಕಥೆ ಅನಿಸುತ್ತದೆ. ಆದರೆ ಈ ಐದು ಅಕ್ಷರಗಳ ಚೀಟಿಗಳನ್ನು ನೆಲದ ಮೇಲೆ ಹರಡಿ ನೋಡಿ. ಸರ, ರಸ, ದರ, ಅರಸ, ಅಗಸ. ಗ ಚೀಟಿ ಇನ್ನೊಂದು ಇದ್ದರೆ ಗರಗಸ ಕೂಡ. ಗುಣಿತವಿಲ್ಲ, ಒತ್ತಿಲ್ಲ, ಮಗು ಆಗಲೇ ಪದ ಓದುತ್ತಿದೆ! ಅದೇ ಅ, ಆ, ಇ, ಈ, ಉ ಇಟ್ಟುಕೊಂಡು ಪದ ಕಟ್ಟಿ ಅಂದರೆ 'ಆ', 'ಈ' ಬಿಟ್ಟು ಬೇರೇನು ಸಿಗುತ್ತದೆ?

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ಅದಕ್ಕೆ ಸ್ಫೂರ್ತಿ, ಯುನಿಸೆಫ್ ನೆರವು ಜೊತೆಗಿತ್ತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇಂಗ್ಲಿಷ್ ಫೋನಿಕ್ಸ್ (ಅಕ್ಷರಗಳ ಸದ್ದು ಜೋಡಿಸಿ ಓದುವ ವಿಧಾನ) ಕಲಿಸುವವರ ಉಪಾಯವೂ ಇಂಥದ್ದೇ. ಅವರಲ್ಲಿ ಅನೇಕರು ಎ, ಬಿ, ಸಿ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಇಂದ ಶುರು ಮಾಡುತ್ತಾರೆ. ಪಿನ್, ಟ್ಯಾಪ್, ಸಿಟ್ ಎಂಬ ಪದಗಳು ಬೇಗ ಕೈಗೆ ಸಿಗಲಿ ಅಂತ.

ಇಲ್ಲಿಯವರೆಗೆ ಎರಡೂ ಒಂದೇ ದಾರಿ. ಎಡವುವುದು ಮುಂದೆ. ಈಗ ಕೆಲವರು ಇಂಗ್ಲಿಷ್ ಫೋನಿಕ್ಸನ್ನು ಹಾಗೇ ತಂದು ಮೂರು ವರ್ಷದ ಮಗುವಿಗೆ 'ಕ್ ಪ್ಲಸ್ ಅ, ಕ' ಎಂದು ಹೇಳಿಕೊಡುತ್ತಾರೆ. ಆ ವಯಸ್ಸಿನ ಕಿವಿ ಸದ್ದನ್ನು ಅಷ್ಟು ಸಣ್ಣದಾಗಿ ಕತ್ತರಿಸುವುದಿಲ್ಲ. ಅಮೆರಿಕದ ಇಸಾಬೆಲ್ ಲಿಬರ್‌ಮನ್ ಮತ್ತು ಅವರ ಸಂಗಡಿಗರು 1974ರಲ್ಲಿ ಪ್ರಕಟಿಸಿದ ಪರೀಕ್ಷೆ ಪ್ರಸಿದ್ಧ. ಪದದಲ್ಲಿ ಎಷ್ಟು ತುಂಡು ಕೇಳಿಸುತ್ತದೋ ಅಷ್ಟು ಸಲ ಮಗು ಪುಟ್ಟ ಕೋಲಿನಿಂದ ಮೇಜು ಕುಟ್ಟಬೇಕು. ನಾಲ್ಕು ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪದವನ್ನು ದೊಡ್ಡ ತುಂಡುಗಳಾಗಿ, ಅಂದರೆ ಬಾ-ಳೆ ಎಂಬ ಹಾಗೆ, ಬಿಡಿಸಿದರು. ಬ್-ಆ-ಳ್-ಎ ಎಂಬಷ್ಟು ಚಿಕ್ಕದಾಗಿ ಬಿಡಿಸಲು ಒಂದು ಮಗುವಿಗೂ ಆಗಲಿಲ್ಲ.

ಕನ್ನಡದ ಮಗುವಿಗೆ ಇದು ಲಾಭವೇ. ನಮ್ಮ ಅಕ್ಷರ ಆ ದೊಡ್ಡ ತುಂಡಿಗೇ ಹೊಂದುತ್ತದೆ. ಅಕ್ಷರದ ಹೆಸರೂ ಅದರ ಸದ್ದೂ ಒಂದೇ. 'ಡಬ್ಲ್ಯೂ' ಎಂದು ಕಲಿತು 'ವ' ಎಂದು ಓದುವ ಪೇಚಾಟ ಇಲ್ಲಿಲ್ಲ. ಹಾಗಾಗಿ ಪುಟ್ಟ ಮಕ್ಕಳಿಗೆ ಬೇಕಾದ್ದು ಪದವನ್ನು ಅಕ್ಷರವಾಗಿ ಒಡೆಯುವ ಆಟ. ಅದು ನಮ್ಮ ಬೀದಿಗಳಲ್ಲಿ ಮೊದಲಿಂದಲೂ ಇದೆ. ಹೆಸರುಗಳ ಅಂತ್ಯಾಕ್ಷರಿ ಇದೆ. ಚಪ್ಪಾಳೆ ಹಾಡುಗಳಿವೆ. ಎಲ್ಲಕ್ಕಿಂತ ಜೋರು ಕ-ಭಾಷೆ. 'ನಾಳೆ ರಜೆ' ಅನ್ನುವುದನ್ನು 'ಕನಾಕಳೆ ಕರಕಜೆ' ಎಂದು ದೊಡ್ಡವರಿಗೆ ತಿಳಿಯದ ಹಾಗೆ ಪಟಪಟ ಹೇಳುವ ಹುಡುಗಿ ಪ್ರತಿ ಅಕ್ಷರವನ್ನೂ ಬೇರ್ಪಡಿಸಿಯೇ ಹೇಳುತ್ತಿರುತ್ತಾಳೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಕಿಟ್‌ನಲ್ಲೂ ಸಿಗಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಮನೆಯಲ್ಲಿ ಅದಕ್ಕೆ ಬೈಗುಳ ಗ್ಯಾರಂಟಿ!

ಸಣ್ಣ ಸದ್ದುಗಳ ಸರದಿ ಬರುವುದು ಕಾಗುಣಿತದಲ್ಲಿ. 34 ವ್ಯಂಜನಗಳಿಗೂ ಗುಣಿತ ಬರೆದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ. 'ಕ ಗುಡಿಸು ಕಿ, ಕ ಕೊಂಬು ಕು' ಎಂದು ಉರು ಹೊಡೆದ ಮಗು ಮಂತ್ರ ಹೇಳುತ್ತದೆ, ನಡುವೆ ನಿಲ್ಲಿಸಿ 'ಪು' ತೋರಿಸಿದರೆ ತಡವರಿಸುತ್ತದೆ. ಅದರ ತಪ್ಪೇನೂ ಇಲ್ಲ. ಪ ಮತ್ತು ವ ಅಕ್ಷರಕ್ಕೆ ಕೊಂಬು ಪಕ್ಕಕ್ಕೆ ಬರದೆ ಕೆಳಗಿಳಿಯುತ್ತದೆ. ವ ಪಕ್ಕದಲ್ಲೇ ಕೊಂಬು ಕೂರಿಸಿದರೆ ಅದು ಮ ಥರ ಕಾಣುತ್ತದೆ, ಅಲ್ವಾ?

ಇಲ್ಲಿ ಕೆಲಸ ಮಾಡುವುದು ತಪ್ಪು ಹಿಡಿಯುವ ಆಟ. 'ತಾತ ಕತ್ತೆ ಹಿಡಿದು ಎಳನೀರು ಕೊಚ್ಚಿದರು' ಎನ್ನಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, 'ಕತ್ತೆ ಅಲ್ಲ, ಕತ್ತಿ!' ಎಂದು ಕೂಗುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸ್ವರ ಒಂದೇ. ಅದು ಕಿವಿಗೆ ಬಿತ್ತು ಅಂದಮೇಲೆ ಎರಡು ಚೀಟಿ ತೋರಿಸಿ ಎಲ್ಲಿ ಬದಲಾಯಿತು ಎಂದು ಕೇಳಬಹುದು. ಮಣಿ-ಮಣೆ, ಬಳೆ-ಬೆಳೆ, ಮರ-ಮಾರ ಹೀಗೆ ಬೇಕಾದಷ್ಟಿವೆ. ಹಾಲಿಗೆ 'ಆಲು' ಅನ್ನುವ ಮನೆಯಿಂದ ಬಂದ ಮಗು ಆ ಚೀಟಿ ಎತ್ತಿದರೆ ಗದರಬೇಡಿ. ಅದು ತನ್ನ ಕಿವಿಗೆ ಕೇಳಿಸಿದ್ದನ್ನೇ ಸರಿಯಾಗಿ ಎತ್ತಿದೆ.

ಒತ್ತಕ್ಷರ ಬೇರೆಯದೇ ತಲೆನೋವು. 'ಅಕ್ಕ' ಬಾಯಲ್ಲಿ ಅಕ್-ಕ ಎಂದು ಮುರಿಯುತ್ತದೆ, ಬರಹದಲ್ಲಿ ಅ-ಕ್ಕ ಎಂದು. ಸೂರ್ಯನದಂತೂ ಪೂರ್ತಿ ಉಲ್ಟಾ: ಕಿವಿಗೆ ಮೊದಲು ರ್ ಬೀಳುತ್ತದೆ, ಕಣ್ಣಿಗೆ ಮೊದಲು ಯ ಕಂಡು ಆಮೇಲೆ ಅರ್ಕಾವತ್ತು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ಮುಂದುವರಿಯುವುದು ಕಂಡುಬಂದಿತ್ತು. ಯುಕೆಜಿಯಲ್ಲೇ ಒತ್ತಕ್ಷರ ಕಾಪಿ ಬರೆಸುವ ಶಾಲೆಗಳಿಗೆ ಯಾಕಷ್ಟು ಅವಸರವೋ! ಅಕ್ಷರ ಒಂದು ಚೀಟಿಯಲ್ಲಿ, ಒತ್ತು ಇನ್ನೊಂದರಲ್ಲಿ ಬರೆದು, ಮಗುವೇ ಒತ್ತನ್ನು ಕೆಳಗಿಟ್ಟು ಓದಿ ನೋಡಲಿ. ಅಪ್ಪ, ಅಕ್ಕ, ಅಜ್ಜ, ಅತ್ತೆ ಮೊದಲು ಬರಲಿ. ಸೂರ್ಯ ಎರಡನೇ ಕ್ಲಾಸಿನವರೆಗೆ ಕಾಯಬಹುದು.