ಹಳೇ ಆಫೀಸ್ ಫೋನ್ ಸಾಫ್ಟ್‌ವೇರ್, ಹೊಸ ವಿಂಡೋಸ್: ಕೊಂಡಿ ಕಳಚಿದ್ದು ಎಲ್ಲಿ?

ವಿಂಡೋಸ್ 10 ಇರುವ ಕಂಪ್ಯೂಟರ್ ಹತ್ತಿರ ಇದ್ದರೆ ಸುಮ್ನೆ ಒಂದು ಪ್ರಯೋಗ ಮಾಡಿ. ರನ್ ಬಾಕ್ಸ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಡಯಲರ್’ ಅಂತ ಬರೆದು ಎಂಟರ್ ಒತ್ತಿ. ಪುಟ್ಟ ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಒಂದು ಕಡೆ ಫೋನಿನ ಅಂಕಿಗಳ ಗುಂಡಿಗಳು, ಇನ್ನೊಂದು ಕಡೆ ಸ್ಪೀಡ್ ಡಯಲ್‌ಗೆ ಎಂಟು ಖಾನೆ. 1995ರಲ್ಲಿ ವಿಂಡೋಸ್ 95 ಜೊತೆ ಬಂದ ‘ಫೋನ್ ಡಯಲರ್’ ಇದು. ಇಷ್ಟು ವರ್ಷ ಯಾರೂ ತೆಗೆದುಹಾಕಿಲ್ಲ. ಆದರೆ ನಂಬರ್ ಕೊಟ್ಟು ಡಯಲ್ ಒತ್ತಿದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಕರೆ ಹೋಗುವುದಿಲ್ಲ. ಕಿಟಕಿ ಇದೆ, ಅದರ ಹಿಂದೆ ಫೋನೇ ಇಲ್ಲ.

ಹಳೇ ಆಫೀಸ್ ಫೋನ್ ಸಾಫ್ಟ್‌ವೇರ್‌ಗಳ ಗೋಳೂ ಇದೇ ಬಗೆಯದು. ಹೊಸ ಕಂಪ್ಯೂಟರ್ ಬಂತು, ಪ್ರೋಗ್ರಾಂ ಇನ್‌ಸ್ಟಾಲ್ ಆಯಿತು, ತೆರೆದುಕೊಂಡಿತು ಕೂಡ. ಆದರೆ ಕರೆ ಬಂದಾಗ ಪರದೆಯ ಮೇಲೆ ಕರೆ ಮಾಡಿದವರ ಹೆಸರು ಮೂಡುತ್ತಿಲ್ಲ. ‘ಸಾಫ್ಟ್‌ವೇರ್ ತುಂಬಾ ಹಳೇದು’ ಅಂತ ಎಲ್ಲರೂ ಪ್ರೋಗ್ರಾಂ ಕಡೆ ಬೆರಳು ತೋರಿಸುತ್ತಾರೆ. ಪಾಪ, ಎಷ್ಟೋ ಸಲ ಅದರ ತಪ್ಪೇ ಇರುವುದಿಲ್ಲ. ಪ್ರೋಗ್ರಾಂಗೂ ಫೋನ್ ಪೆಟ್ಟಿಗೆಗೂ ನಡುವೆ ಒಂದು ಕೊಂಡಿ ಇರುತ್ತದೆ. ಕಳಚಿರುವುದು ಅದು.

ಪೆಟ್ಟಿಗೆ ಅಂದರೆ ಪಿಬಿಎಕ್ಸ್. ಇಪಿಎಬಿಎಕ್ಸ್ ಅನ್ನುವವರೂ ಉಂಟು. ಹೊರಗಿನ ಕೆಲವೇ ಲೈನ್‌ಗಳನ್ನು ಒಳಗಿನ ಹತ್ತಾರು ಎಕ್ಸ್‌ಟೆನ್ಷನ್‌ಗಳಿಗೆ ಹಂಚುವ ಯಂತ್ರ. ಒಮ್ಮೆ ಗೋಡೆಗೆ ಕೂರಿಸಿದರೆ ಹದಿನೈದು ಇಪ್ಪತ್ತು ವರ್ಷ ದುಡಿಯುತ್ತದೆ. ಅಷ್ಟರಲ್ಲಿ ಅದರ ಪಕ್ಕದ ಕಂಪ್ಯೂಟರ್ ಮೂರು ನಾಲ್ಕು ಸಲ ಬದಲಾಗಿರುತ್ತದೆ. ತೊಂದರೆಯ ಬೇರು ಇರುವುದೇ ಈ ವಯಸ್ಸಿನ ಅಂತರದಲ್ಲಿ.

ಇವೆರಡನ್ನೂ ಪರಸ್ಪರ ಮಾತಾಡಿಸುವ ಹುಮ್ಮಸ್ಸು ಹುಟ್ಟಿದ್ದು 1990ರ ದಶಕದ ಶುರುವಿನಲ್ಲಿ. 1992ರಲ್ಲಿ ಕಂಪ್ಯೂಟರ್ ಮಾನದಂಡಗಳನ್ನು ರೂಪಿಸುವ ಯುರೋಪಿನ ಎಕ್ಮಾ ಸಂಸ್ಥೆ ಸಿಎಸ್‌ಟಿಎ ಎಂಬ ಮಾನದಂಡ ಹೊರತಂದಿತು. ‘ಈ ಎಕ್ಸ್‌ಟೆನ್ಷನ್‌ಗೆ ಕರೆ ಬಂತು’, ‘ಆ ಕರೆಯನ್ನು ಹೋಲ್ಡ್‌ಗೆ ಹಾಕು’ ಅಂತ ಕಂಪ್ಯೂಟರ್ ಮತ್ತು ಪಿಬಿಎಕ್ಸ್ ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು ಅನ್ನುವ ನಿಯಮ ಅದರಲ್ಲಿತ್ತು. ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ ಮತ್ತು ನೆಟ್‌ವರ್ಕ್ ಸಾಫ್ಟ್‌ವೇರ್ ಕಂಪನಿ ನೋವೆಲ್ ಸೇರಿ, ಪ್ರೋಗ್ರಾಂಗಳು ಫೋನ್ ಜೊತೆ ಮಾತಾಡಲು ಟಿಎಸ್‌ಎಪಿಐ ಎಂಬ ಏರ್ಪಾಡನ್ನು ಅದರ ಆಧಾರದ ಮೇಲೆ ಕಟ್ಟಿದವು. ಅದೇ ಕೆಲಸಕ್ಕೆ ಮೈಕ್ರೋಸಾಫ್ಟ್ ಮತ್ತು ಇಂಟೆಲ್ 1993ರಲ್ಲಿ ಟಿಎಪಿಐ ತಂದವು. ಬಾಯಿಮಾತಿನಲ್ಲಿ ಇದು ‘ಟ್ಯಾಪಿ’.

ಎರಡರ ದಾರಿಯೂ ಬೇರೆ. ನೋವೆಲ್ ಲೆಕ್ಕದಲ್ಲಿ ಪಿಬಿಎಕ್ಸ್‌ನಿಂದ ಒಂದೇ ತಂತಿ ಸರ್ವರ್‌ಗೆ ಹೋಗಬೇಕು. ಮೇಜಿನ ಮೇಲಿನ ಕಂಪ್ಯೂಟರ್‌ಗಳು ಏನಿದ್ದರೂ ಆ ಸರ್ವರ್ ಮೂಲಕ ಕೇಳಬೇಕು. ಟ್ಯಾಪಿಯ ಮೊದಲ ರೂಪದಲ್ಲಿ ಪ್ರತಿ ಕಂಪ್ಯೂಟರ್‌ಗೂ ಅದರ ಪಕ್ಕದ ಫೋನಿಗೂ ನೇರ ನಂಟು. ಆಫೀಸಿನ ಮಟ್ಟಿಗೆ ನೋವೆಲ್ ದಾರಿಯೇ ಅಚ್ಚುಕಟ್ಟು ಅಂತ ನನಗನಿಸುತ್ತದೆ. ಏನು ಮಾಡೋದು, ನೋವೆಲ್‌ನ ಸರ್ವರ್ ಸಾಫ್ಟ್‌ವೇರ್ ನೆಟ್‌ವೇರ್ ಆಫೀಸುಗಳಿಂದ ಮರೆಯಾಗುತ್ತಾ ಹೋಯಿತು. ಟ್ಯಾಪಿ ವಿಂಡೋಸ್ 95ರ ಒಳಗೇ ಕೂತು ಎಲ್ಲರ ಮೇಜಿಗೂ ಬಂತು.

ಟ್ಯಾಪಿಗೆ ಯಾವ ಫೋನಿನ ಗುಟ್ಟೂ ಗೊತ್ತಿಲ್ಲ. ‘ಕರೆ ಮಾಡು’ ಅಂತ ಪ್ರೋಗ್ರಾಂ ಹೇಳಿದರೆ ಅದು ಆ ಮಾತನ್ನು ಇನ್ನೊಬ್ಬನಿಗೆ ದಾಟಿಸುತ್ತದೆ, ಅಷ್ಟೇ. ಆ ಇನ್ನೊಬ್ಬನ ಹೆಸರು ಟೆಲಿಫೋನಿ ಸರ್ವಿಸ್ ಪ್ರೊವೈಡರ್, ಚಿಕ್ಕದಾಗಿ ಟಿಎಸ್‌ಪಿ. ಪಿಬಿಎಕ್ಸ್ ಮಾಡಿದ ಕಂಪನಿಯೇ ಸಾಮಾನ್ಯವಾಗಿ ಇದನ್ನು ಬರೆದು ಕೊಡುತ್ತಿತ್ತು. ನಾನು ಕೊಂಡಿ ಅಂದದ್ದು ಇದನ್ನೇ. ದುಭಾಷಿ ಇದ್ದ ಹಾಗೆ. ಒಂದು ಕಡೆ ವಿಂಡೋಸ್ ಭಾಷೆ ಬರಬೇಕು, ಇನ್ನೊಂದು ಕಡೆ ಆ ಪೆಟ್ಟಿಗೆಯ ಭಾಷೆ ಬರಬೇಕು. ವಿಂಡೋಸ್ ತನ್ನ ಭಾಷೆ ಬದಲಿಸಿದಾಗಲೆಲ್ಲ ದುಭಾಷಿ ಹೊಸದಾಗಿ ಕಲಿಯಬೇಕು.

ವಿಂಡೋಸ್ ಎಷ್ಟು ಸಲ ಬದಲಿಸಿತು ನೋಡಿ. ವಿಂಡೋಸ್ 95ರಲ್ಲಿ ಟಿಎಸ್‌ಪಿಗಳು 16-ಬಿಟ್ (ಬಿಟ್ ಅಂದರೆ ಪ್ರೋಗ್ರಾಂ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ). 1996ರ ವಿಂಡೋಸ್ ಎನ್‌ಟಿ 4.0 ಜೊತೆ ಟ್ಯಾಪಿ 2.0 ಬಂತು, ಅದು 32-ಬಿಟ್. ವಿಂಡೋಸ್ 2000ದಲ್ಲಿ ಟ್ಯಾಪಿ 3.0, ಪ್ರೋಗ್ರಾಂ ಬರೆಯುವವರಿಗೆ ಅದರ ಮುಖವೇ ಬೇರೆ. ವಿಂಡೋಸ್ ಎಕ್ಸ್‌ಪಿ ಜೊತೆ 3.1. ಐದಾರು ವರ್ಷದಲ್ಲಿ ಇಷ್ಟೆಲ್ಲ. ಆ ಹೊತ್ತಿಗೆ ಪಿಬಿಎಕ್ಸ್ ಕಂಪನಿಗಳು ಇನ್ನೂ ಗಟ್ಟಿಯಾಗಿದ್ದವು, ಬರೆದು ಕೊಟ್ಟವು.

ನಿಜವಾದ ಹೊಡೆತ ಬಿದ್ದದ್ದು ವಿಂಡೋಸ್ ವಿಸ್ಟಾದಿಂದ. 2007ರಲ್ಲಿ ಬಂದ ವಿಸ್ಟಾವನ್ನು ಬೈಯುವುದು ಸುಲಭ, ಆದರೆ ಅದು ಮುಚ್ಚಿದ ಬಾಗಿಲುಗಳೆಲ್ಲ ಮುಚ್ಚಬೇಕಾದವೇ. ಹಳೇ ಫೋನ್ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ ಫೈಲನ್ನು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲೇ ಬರೆಯುತ್ತಿದ್ದವು. ಬಳಸುವವರೆಲ್ಲ ಅಡ್ಮಿನಿಸ್ಟ್ರೇಟರ್ ಅಂತಲೇ ಅವುಗಳ ನಂಬಿಕೆ. ವಿಸ್ಟಾ ಇದಕ್ಕೆ ಒಪ್ಪಲಿಲ್ಲ. ಹಾಗಂತ ಎರರ್ ಕೊಟ್ಟು ನಿಲ್ಲಿಸಲೂ ಇಲ್ಲ. ಬರೆಯಲು ಹೊರಟ ಫೈಲನ್ನು ಸದ್ದಿಲ್ಲದೆ ಆಯಾ ಬಳಕೆದಾರರ ‘ವರ್ಚುವಲ್ ಸ್ಟೋರ್’ ಎಂಬ ಖಾಸಗಿ ಜಾಗಕ್ಕೆ ತಿರುಗಿಸಿತು. ಬೆಳಗಿನ ಪಾಳಿಯ ಆಪರೇಟರ್ ಸೇರಿಸಿದ ಸ್ಪೀಡ್ ಡಯಲ್ ನಂಬರ್ ಮಧ್ಯಾಹ್ನದ ಆಪರೇಟರ್‌ಗೆ ಕಾಣುವುದಿಲ್ಲ. ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ ಪ್ರತಿ. ಇದನ್ನು ಪತ್ತೆ ಹಚ್ಚುವುದರೊಳಗೆ ಇಬ್ಬರ ನಡುವೆ ಜಗಳವೇ ಆಗಬಹುದು ಅಲ್ವಾ?

ಇನ್ನೊಂದು ಬದಲಾವಣೆ ಇದಕ್ಕಿಂತ ಗುಪ್ತ. ಕರೆಗಳ ಲೆಕ್ಕ ಬರೆದಿಡುವ ಪ್ರೋಗ್ರಾಂಗಳು ಹಿನ್ನೆಲೆಯಲ್ಲಿ ಸರ್ವಿಸ್ ಆಗಿ ಓಡುತ್ತವೆ. ಏನಾದರೂ ತೊಡಕಾದರೆ ‘ಪೋರ್ಟ್ ತೆರೆಯಲು ಆಗಲಿಲ್ಲ, ಓಕೆ ಒತ್ತಿ’ ಅಂತ ಪರದೆಯ ಮೇಲೆ ಕೇಳುತ್ತಿದ್ದವು. ವಿಸ್ಟಾದಿಂದ ಈಚೆಗೆ ಸರ್ವಿಸ್‌ಗಳಿಗೆ ಬೇರೆಯೇ ಕೋಣೆ, ಸೆಷನ್ 0. ಅಲ್ಲಿ ಮೂಡಿದ ಕಿಟಕಿ ಬಳಕೆದಾರರಿಗೆ ಕಾಣುವುದಿಲ್ಲ. ಪ್ರೋಗ್ರಾಂ ಉತ್ತರಕ್ಕೆ ಕಾಯುತ್ತಾ ಕೂತೇ ಇರುತ್ತದೆ, ಓಕೆ ಒತ್ತುವವರು ಯಾರೂ ಇಲ್ಲ. ಸರಿ, ಸಹಾಯ ಪುಟ ನೋಡೋಣ ಅಂದರೆ ಹಳೇ ಹೆಲ್ಪ್ ಫೈಲ್ ತೆರೆಯುವ ವಿನ್‌ಹೆಲ್ಪ್ ಅನ್ನೂ ವಿಸ್ಟಾದಲ್ಲೇ ಕೈಬಿಟ್ಟಿದ್ದರು. ಬೇಕಾದವರಿಗೆ ಡೌನ್‌ಲೋಡ್ ಕೊಟ್ಟರು. ವಿಂಡೋಸ್ 10ಕ್ಕೆ ಬರುವಾಗ ಅದೂ ಇಲ್ಲ.

ಆಮೇಲೆ 64-ಬಿಟ್ ಯುಗ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುವುದೂ ಇಲ್ಲೇ. 64-ಬಿಟ್ ವಿಂಡೋಸ್‌ನಲ್ಲಿ 32-ಬಿಟ್ ಪ್ರೋಗ್ರಾಂ ಓಡುತ್ತದೆ. ಹಾಗಾಗಿ ಫೋನ್ ಪ್ರೋಗ್ರಾಂ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಟಿಎಸ್‌ಪಿ ಓಡುವುದು ಪ್ರೋಗ್ರಾಂ ಒಳಗಲ್ಲ, ವಿಂಡೋಸ್‌ನ ಟೆಲಿಫೋನಿ ಸರ್ವಿಸ್ ಒಳಗೆ. ಆ ಸರ್ವಿಸ್ 64-ಬಿಟ್. ಅದರೊಳಗೆ 32-ಬಿಟ್ ತುಂಡು ಕೂರುವುದಿಲ್ಲ. ಪ್ರೋಗ್ರಾಂ ‘ಯಾವ ಲೈನ್‌ಗಳಿವೆ?’ ಅಂತ ಕೇಳುತ್ತದೆ, ಪಟ್ಟಿಯಲ್ಲಿ ಆಫೀಸಿನ ಲೈನ್ ಇರುವುದೇ ಇಲ್ಲ. ‘ಕಂಪ್ಯಾಟಿಬಿಲಿಟಿ ಮೋಡ್ ಹಾಕಿ ನೋಡಿ’ ಅನ್ನುವ ಸಲಹೆ ಇಲ್ಲಿ ಉಪಯೋಗಕ್ಕೆ ಬಾರದ್ದು. ಆ ಮೋಡ್ ‘ಇದು ಹಳೇ ವಿಂಡೋಸ್’ ಅಂತ ಪ್ರೋಗ್ರಾಂಗೆ ಸುಳ್ಳು ಹೇಳಬಲ್ಲದು, ಟೆಲಿಫೋನಿ ಸರ್ವಿಸ್‌ನ ಬಿಟ್ ಬದಲಿಸಲಾರದು.

16-ಬಿಟ್ ಪ್ರೋಗ್ರಾಂಗಳಂತೂ 64-ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ತಮಾಷೆ ಏನೆಂದರೆ, 32-ಬಿಟ್ ಅಂತ ಹೇಳಿಕೊಳ್ಳುತ್ತಿದ್ದ ಎಷ್ಟೋ ಪ್ಯಾಕೇಜ್‌ಗಳ ಸೆಟಪ್ ಫೈಲ್ ಮಾತ್ರ 16-ಬಿಟ್ ಆಗಿತ್ತು. ಮನೆ ಸರಿಯಿದ್ದು ಹೊಸ್ತಿಲೇ ಎಡವಿದ ಹಾಗೆ. ಇದು ಮೈಕ್ರೋಸಾಫ್ಟ್‌ಗೂ ಗೊತ್ತಿತ್ತು. ಇನ್‌ಸ್ಟಾಲ್‌ಶೀಲ್ಡ್ 5ರಂಥ ಕೆಲವು ಹಳೇ ಸೆಟಪ್‌ಗಳನ್ನು ಗುರುತು ಹಿಡಿದು ಅವುಗಳ ಬದಲು 32-ಬಿಟ್ ರೂಪವನ್ನು ಓಡಿಸುವ ಏರ್ಪಾಡು ವಿಂಡೋಸ್ ಒಳಗೇ ಇದೆ.

ತಂತಿಯ ಕಥೆಯೂ ಇದೆ. ಪಿಬಿಎಕ್ಸ್ ಪ್ರತಿ ಕರೆಯ ವಿವರವನ್ನು ಒಂದು ಸಾಲಿನಂತೆ ಆರ್‌ಎಸ್-232 ಸೀರಿಯಲ್ ಪೋರ್ಟಿನಲ್ಲಿ ಹೊರಗೆ ಬಿಡುತ್ತದೆ: ಯಾವ ಎಕ್ಸ್‌ಟೆನ್ಷನ್, ಯಾವ ನಂಬರ್, ಎಷ್ಟು ಹೊತ್ತು. ಹೊಸ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟ್ ಅಪರೂಪ. ಯುಎಸ್‌ಬಿ ಕನ್ವರ್ಟರ್ ಹಾಕುತ್ತಾರೆ. ಅದರೊಳಗಿನ ಚಿಪ್‌ಗಳಿಗೆ ನಕಲುಗಳು ವಿಪರೀತ. 2014ರಲ್ಲಿ, ಇಂಥ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್ (ಚಿಪ್ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಾಫ್ಟ್‌ವೇರ್) ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು, ವಿಂಡೋಸ್‌ಗೆ ಅವುಗಳ ಗುರುತೇ ಸಿಗದಾಯಿತು. ಕನ್ವರ್ಟರ್ ನಕಲಿ ಅಂತ ಗೊತ್ತೇ ಇಲ್ಲದವರೂ ಪೇಚಿಗೆ ಸಿಕ್ಕಿದರು. ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರ್ ಅಷ್ಟು ದೂರ ಹೋಗುವುದಿಲ್ಲ. ಹಳೇ ಚಿಪ್ ಕಂಡರೆ ‘ಇದನ್ನು 2012ರಿಂದ ನಿಲ್ಲಿಸಲಾಗಿದೆ’ ಅಂತ ಡಿವೈಸ್ ಮ್ಯಾನೇಜರ್‌ನಲ್ಲಿ ಬರೆದು ಕೈಕಟ್ಟಿ ಕೂರುತ್ತದೆ.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಪ್ರೋಗ್ರಾಂಗಳಿಗೆ ಇನ್ನೂ ವಿಚಿತ್ರ ಕಾಯಿಲೆ. ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಲಕರಣೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಶುರುವಾಗುವಾಗಲೇ ಕಂಪ್ಯೂಟರಿನ ವೇಗ ಅಳೆಯುತ್ತವೆ. ಕಂಪ್ಯೂಟರ್ ಅತಿ ವೇಗದ್ದಾದರೆ ಲೆಕ್ಕ ಉಕ್ಕಿ ಹರಿದು ‘ರನ್‌ಟೈಮ್ ಎರರ್ 200’ ಬಂದು ನಿಲ್ಲುತ್ತವೆ. ಇವುಗಳಿಗೆ, ಹೊಸ ಕಂಪ್ಯೂಟರಿನೊಳಗೆ ಹಳೇ ಡಾಸ್ ಕಂಪ್ಯೂಟರಿನಂತೆ ನಟಿಸುವ ಡಾಸ್‌ಬಾಕ್ಸ್ ಒಳ್ಳೆಯ ಮದ್ದು. ವೇಗವನ್ನು ತಗ್ಗಿಸಬಹುದು, ನಿಜವಾದ ಸೀರಿಯಲ್ ಪೋರ್ಟನ್ನು ಅದರೊಳಗೆ ಜೋಡಿಸಲೂಬಹುದು. ಡಾಸ್‌ಬಾಕ್ಸ್ ಮಾಡಿದ್ದೇ ಆಟಗಳಿಗೆ ಅನ್ನೋದು ಬೇರೆ ಮಾತು.

2000ದ ನಂತರ ಕೆಲವರು ‘ಈ ರಗಳೆಯೇ ಬೇಡ, ಎಲ್ಲ ಬ್ರೌಸರಿನಲ್ಲಿ ಮಾಡೋಣ’ ಅಂದುಕೊಂಡರು. ಪಿಬಿಎಕ್ಸ್ ಒಳಗೇ ವೆಬ್ ಪುಟ, ಅದರಲ್ಲಿ ಜಾವಾ ಆಪ್ಲೆಟ್ (ಪುಟದೊಳಗೇ ಓಡುವ ಪುಟ್ಟ ಪ್ರೋಗ್ರಾಂ) ಅಥವಾ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಹೊಂದುವ ತುಣುಕುಗಳು. ಬ್ರೌಸರ್ ಎಲ್ಲ ಕಡೆ ಇರುತ್ತೆ, ಹಾಗಾಗಿ ಇದು ಹಳತಾಗುವುದಿಲ್ಲ ಅನ್ನುವ ಭರವಸೆ. ಕ್ರೋಮ್ 2015ರಲ್ಲಿ ಜಾವಾ ಪ್ಲಗಿನ್ ಬಿಟ್ಟಿತು. 2020ರ ಕೊನೆಗೆ ಅಂಥದ್ದೇ ಇನ್ನೊಂದು ಪ್ಲಗಿನ್ ಫ್ಲ್ಯಾಶ್ ಹೋಯಿತು. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ಕೂಡ ನಿವೃತ್ತಿಯಾಯಿತು. ಈಗ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿ ಎಕ್ಸ್‌ಪ್ಲೋರರ್‌ನಂತೆ ನಡೆದುಕೊಳ್ಳುವ ‘ಐಇ ಮೋಡ್’ ಒಂದೇ ಆಸರೆ.

ಇಷ್ಟರ ನಡುವೆ, ಕೊಂಡಿ ಬರೆದು ಕೊಡುತ್ತಿದ್ದವರು ಏನಾದರು? ಎಟಿ ಅಂಡ್ ಟಿಯ ಫೋನ್ ಯಂತ್ರಗಳ ವ್ಯವಹಾರ 1996ರಲ್ಲಿ ಲೂಸೆಂಟ್ ಆಯಿತು. ಅದರ ಆಫೀಸ್ ಭಾಗ 2000ದಲ್ಲಿ ಅವಾಯಾ ಆಯಿತು. ಕೆನಡಾದ ನಾರ್ಟೆಲ್ 2009ರಲ್ಲಿ ದಿವಾಳಿ ಎದ್ದಾಗ ಅದರ ಆಫೀಸ್ ಫೋನ್ ವ್ಯವಹಾರವನ್ನು ಕೊಂಡದ್ದೂ ಅವಾಯಾ. ಆ ಅವಾಯಾವೇ 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ದಿವಾಳಿ ರಕ್ಷಣೆ ಕೇಳಿತು. ಯಾರೋ ಕೊಂಡ ಕಂಪನಿಯ, ಮಾರಾಟ ನಿಂತ ಪೆಟ್ಟಿಗೆಗೆ 64-ಬಿಟ್ ಟಿಎಸ್‌ಪಿ ಬರೆಯಲು ಯಾರು ಕೂರುತ್ತಾರೆ? ಹೊಸ ಪೆಟ್ಟಿಗೆಗಳೂ ಅಷ್ಟರಲ್ಲಿ ಬೇರೆ ಭಾಷೆಗೆ ಹೊರಳಿದ್ದವು. 1999ರಲ್ಲಿ ಮೊದಲು ಬಂದು 2002ರಲ್ಲಿ ತಿದ್ದುಪಡಿಯಾದ ಎಸ್‌ಐಪಿ ಎಂಬ ಮಾನದಂಡಕ್ಕೆ ಕಂಪ್ಯೂಟರ್ ನೆಟ್‌ವರ್ಕ್ ಸಾಕು, ಸೀರಿಯಲ್ ತಂತಿ ಬೇಕಿಲ್ಲ.

ಹಳೇ ಪೆಟ್ಟಿಗೆ ಇಟ್ಟುಕೊಂಡವರು ಇಷ್ಟು ದಿನ ಎರಡು ದಾರಿ ಹಿಡಿದಿದ್ದರು. ಒಂದು, 32-ಬಿಟ್ ವಿಂಡೋಸ್. ಅದು ವಿಂಡೋಸ್ 10ರವರೆಗೆ ಸಿಗುತ್ತಿತ್ತು. ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೊಂದು, ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ವಿಂಡೋಸ್ 7ರಲ್ಲೇ ಪ್ರೊಫೆಷನಲ್‌ನಂಥ ಮೇಲ್ದರ್ಜೆಯ ಆವೃತ್ತಿಗಳಿಗೆ ಮೈಕ್ರೋಸಾಫ್ಟೇ ‘ಎಕ್ಸ್‌ಪಿ ಮೋಡ್’ ಅಂತ ಕೊಟ್ಟಿತ್ತು. ಈಗ ಬೇರೆ ವರ್ಚುವಲ್ ಮೆಷಿನ್ ಒಳಗೆ ಹಳೇ ವಿಂಡೋಸ್ ಕೂರಿಸಿ, ಸೀರಿಯಲ್ ಪೋರ್ಟನ್ನು ಅದಕ್ಕೆ ಒಪ್ಪಿಸಬಹುದು. ನನ್ನ ಮತ ಇದಕ್ಕೇ, ಒಂದು ಷರತ್ತಿನ ಮೇಲೆ: ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ಮಾಮೂಲಿ ಬೆಂಬಲ ಇಲ್ಲ, ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಪಿಬಿಎಕ್ಸ್ ಒಂದರ ಜೊತೆ ಮಾತಾಡಿಕೊಂಡಿರಲಿ.

ಇದಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ಮೂಲೆಯಲ್ಲಿ ‘ಆಫ್ ಮಾಡಬೇಡಿ’ ಅಂತ ಚೀಟಿ ಅಂಟಿಸಿಕೊಂಡು ಕೂತಿರುವ ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ, ಅದರ ಹಾರ್ಡ್ ಡಿಸ್ಕಿನ ಪೂರ್ತಿ ಪ್ರತಿ ಇವತ್ತೇ ತೆಗೆದಿಡಿ. ಆ ಟಿಎಸ್‌ಪಿ ಫೈಲ್ ಈಗ ಬೇರೆಲ್ಲೂ ಸಿಗದೇ ಇರಬಹುದು.